‘ಉಮ್ಮುಲ್ ಅರೂಸ’ ನೋಡಿದ ರಾತ್ರಿ ಮದುವೆಯ ಪಟ್ಟಿ

ಗುರುಪುರ ಅಂದ ಕೂಡಲೇ ನಮ್ಮ ಓದುಗರಲ್ಲಿ ಹೆಚ್ಚಿನವರು ಫಲ್ಗುಣಿ ಹೊಳೆಯ ದಡದ ಗುರುಪುರ ಅಂದುಕೊಳ್ಳುತ್ತಾರೆ. ಇದು ಅದಲ್ಲ. ಇದು ಘಟ್ಟದ ಮೇಲಿನ ಗುರುಪುರ. ಮೈಸೂರು ಜಿಲ್ಲೆ, ಹುಣಸೂರು ತಾಲೂಕು. ಟಿಬೆಟನ್ನರ ಕ್ಯಾಂಪುಗಳು, ಅವರ ಗ್ಯುಮೆ ಮಠ, ಸುತ್ತಲೂ ಹೊಗೆಸೊಪ್ಪಿನ ಹೊಲ, ಹೊಲದ ಮೂಲೆಯಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್ನುಗಳು. ನಮ್ಮ ಉಪ್ಪ ಎಳೆಯ ವಯಸ್ಸಿನಲ್ಲಿ ಬಂಟ್ವಾಳದ ಕಡೆಯಿಂದ ಒಣಮೀನಿನ ಮೂಟೆ ಹಿಡಿದುಕೊಂಡು ಘಟ್ಟ ಹತ್ತಿದವರು. ಹುಣಸೂರು ಸಂತೆ, ಪಿರಿಯಾಪಟ್ಟಣ ಸಂತೆ ಅಂತ ತಿರುಗಿ, ಕೊನೆಗೆ ಇಲ್ಲೇ ಒಂದು ಸಣ್ಣ ಅಂಗಡಿ ಇಟ್ಟರು. ಈಗ ಉಪ್ಪ ಇಲ್ಲ, ಅಂಗಡಿ ಅಣ್ಣನದು. ಊರಿನ ಸಂಬಂಧಿಕರು ಇವತ್ತಿಗೂ ನಮ್ಮನ್ನು ‘ಘಟ್ಟದವರು’ ಅಂತಲೇ ಕರೆಯುವುದು.

ಅಣ್ಣನ ದೊಡ್ಡ ಮಗಳಿಗೆ ಸಂಬಂಧ ಕೂಡಿ ಬಂದಿದೆ. ಹುಡುಗ ಒಳ್ಳೆಯವನು, ಮಂಗಳೂರಿನ ಕಡೆಯವನು. ಹೊಗೆಸೊಪ್ಪಿನ ಹರಾಜು ಶುರುವಾದ ಮೇಲೆ ನಿಕಾಹ್ ಇಟ್ಟುಕೊಳ್ಳುವುದು ಅಂತ ಮಾತು. ಈ ಸೀಮೆಯಲ್ಲಿ ಅಂಗಡಿ ಇಟ್ಟವರ ಲೆಕ್ಕವೆಲ್ಲ ಹಾಗೇ. ಕಟ್ಟೆಮಳಲವಾಡಿ ಹರಾಜು ಕಟ್ಟೆಯಲ್ಲಿ ಸೊಪ್ಪಿಗೆ ರೇಟು ಬಿದ್ದು ರೈತನ ಕೈಗೆ ದುಡ್ಡು ಬಂದರೆ ಅಂಗಡಿಯ ಉದ್ರಿ ಪುಸ್ತಕಕ್ಕೂ ದುಡ್ಡು ಬರುತ್ತದೆ. ಆಮೇಲೆ ಮದುವೆ, ಮನೆ ರಿಪೇರಿ, ಎಲ್ಲ. ಆ ಮದುವೆಯ ಖರ್ಚಿನ ಪಟ್ಟಿ ಬರೆಯಲಿಕ್ಕೆ ಅಂತ ಒಂದು ಶನಿವಾರ ನಾವೆಲ್ಲ ಗುರುಪುರದ ಮನೆಯಲ್ಲಿ ಸೇರಿದ್ದೆವು. ಅಣ್ಣ, ಅತ್ತಿಗೆ, ಕರಾವಳಿಯಿಂದ ಬಂದ ನಮ್ಮ ಅಕ್ಕ, ಉಪ್ಪಾರ ತಮ್ಮ ಕಾಕ, ಮಕ್ಕಳು.

ಇಶಾ ನಮಾಝ್ ಮುಗಿದ ಮೇಲೆ ಅತ್ತಿಗೆ ಹಳೆಯ ನೋಟ್‌ಬುಕ್ಕಿನ ಹಾಳೆ ತೆಗೆದು ಬರೆಯಲು ಕೂತರು. ಮೊದಲ ಸಾಲು: ಪವನ್ 50. ಗಂಡಿನ ಕಡೆಯವರು ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಹಾಕಿದ್ದು’ ಅಂದಿದ್ದರು. ಆದರೆ ಹೇಳುವಾಗ ಅವರ ಮನೆಗೆ ಬಂದ ದೊಡ್ಡ ಸೊಸೆಗೆ ಎಷ್ಟು ಹಾಕಿದ್ದರು ಅಂತಲೂ ಹೇಳಿ ಹೋಗಿದ್ದರು. ಮಾತಿನ ಈ ವರಸೆ ಯಾರಿಗೆ ಗೊತ್ತಿಲ್ಲ ಮಾರಾಯ್ರೆ? ಆಮೇಲೆ ಹಾಲ್, ಊಟ, ಮೈಲಾಂಜಿ ರಾತ್ರಿಯ ಸ್ಟೇಜು, ಪುದಿಯಾಪ್ಲೆಗೆ ವಾಚು, ಅವನ ಕಡೆಯ ಹೆಂಗಸರಿಗೆ ಕೊಡುವ ಬಟ್ಟೆ, ಅಲ್ಮಾರಿ, ಮಂಚ, ಫ್ರಿಜ್ಜು, ಡ್ರೋನ್ ಹಾರಿಸುವ ಫೋಟೋದವನು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅಣ್ಣ ಮಾತು ನಿಲ್ಲಿಸಿದ್ದರು. ಎರಡು ಬದಿಯೂ ಬಿಸಿಯಾಗಿತ್ತು. ಆಗ ಕಾಕ, ‘ಪುಸ್ತಕ ಮಡಚಿಡಿ, ಒಂದು ಸಿನಿಮಾ ನೋಡುವ. ಆಮೇಲೆ ಬರೆಯಿರಿ’ ಅಂದರು.

ಕಾಕ ಇಪ್ಪತ್ತು ವರ್ಷಕ್ಕೂ ಮೇಲೆ ಜಿದ್ದಾದ ಒಂದು ಬಖಾಲದಲ್ಲಿ ಇದ್ದವರು. ಅವರು ಅರಬಿ ಕಲಿತದ್ದು ಮದ್ರಸದಲ್ಲಿ ಅಲ್ಲ, ಅಂಗಡಿಗೆ ಬರುವ ಮಿಸ್ರಿಗಳಿಂದ ಮತ್ತು ಮಿಸ್ರಿ ಸಿನಿಮಾಗಳಿಂದ. ಆ ಕಾಲಕ್ಕೆ ಗಲ್ಫಿನಲ್ಲಿದ್ದ ನಮ್ಮ ಹಿರಿಯರನ್ನು ಕೇಳಿ ನೋಡಿ. ರೂಮಿನಲ್ಲಿ ಒಂದು ವಿಡಿಯೋ ಪ್ಲೇಯರ್, ಗುರುವಾರ ರಾತ್ರಿ ಬಾಡಿಗೆಗೆ ತಂದ ಕ್ಯಾಸೆಟ್, ಅದರಲ್ಲಿ ಹಿಂದಿ ಒಂದಾದರೆ ಕೈರೋದ್ದು ಒಂದು. ಅರಬ್ ದೇಶಗಳಲ್ಲೆಲ್ಲ ಮಿಸ್ರಿನ ಮಾತು ಎಲ್ಲರಿಗೂ ತಿಳಿಯುವುದಕ್ಕೆ ಕೈರೋದ ಸಿನಿಮಾ ಮತ್ತು ಹಾಡುಗಳೇ ದೊಡ್ಡ ಕಾರಣ. ನಮ್ಮವರಿಗೂ ಅದೇ ಶಾಲೆ.

ಸಿನಿಮಾದ ಹೆಸರು ‘ಉಮ್ಮುಲ್ ಅರೂಸ’. ಅರ್ಥ ಮದುಮಗಳ ತಾಯಿ. ಹೆಸರು ಕೇಳಿದ ತಕ್ಷಣ ಮಕ್ಕಳಿಗೆ ಖುಷಿ, ‘ಉಮ್ಮ ಅಂದ್ರೆ ನಮ್ಮ ಉಮ್ಮವೇ!’ ಅಂತ. 1963ರದ್ದು, ಕಪ್ಪು ಬಿಳುಪು. ನಿರ್ದೇಶಕ ಆತಿಫ್ ಸಾಲಿಂ. ಕಥೆ ಬರೆದವರು ಅಬ್ದುಲ್ ಹಮೀದ್ ಜೌದಾ ಅಸ್ಸಹ್ಹಾರ್. ಪ್ರವಾದಿಯವರ ಜೀವನವನ್ನು ಇಪ್ಪತ್ತು ಭಾಗಗಳಲ್ಲಿ ಬರೆದ ಲೇಖಕರೂ ಇವರೇ. ಸೀರಾ ಬರೆದ ಕೈಯೇ ಮದುವೆ ಮನೆಯ ನಗೆಯನ್ನೂ ಬರೆದದ್ದು ನಮಗೆ ವಿಶೇಷ ಅನಿಸಿತು. ಆಸ್ಕರ್‌ಗೆ ಮಿಸ್ರಿನಿಂದ ಕಳಿಸಿದ ಸಿನಿಮಾ ಇದು, ಆದರೆ ಅಂತಿಮ ಪಟ್ಟಿಗೆ ಬರಲಿಲ್ಲ. ಅದೇನೂ ದೊಡ್ಡ ಮಾತಲ್ಲ. ಅರುವತ್ತು ವರ್ಷ ಕಳೆದರೂ ಅರಬ್ ಮನೆಗಳಲ್ಲಿ ಈ ಸಿನಿಮಾ ಹಾಕಿದರೆ ಜನ ಎದ್ದು ಹೋಗುವುದಿಲ್ಲ ಅನ್ನುವುದು ದೊಡ್ಡ ಮಾತು.

ಅಣ್ಣನ ಸಣ್ಣ ಮಗ ಮೊಬೈಲನ್ನು ಟಿವಿಗೆ ಜೋಡಿಸಿ ಕೊಟ್ಟ. ಕಾಕ ಪಕ್ಕದಲ್ಲಿ ಕೂತು ಬ್ಯಾರಿಯಲ್ಲಿ ಅರ್ಥ ಹೇಳುತ್ತಾ ಹೋದರು. ಮದ್ರಸಕ್ಕೆ ಹೋಗುವ ಮಕ್ಕಳು ನಕ್ಕದ್ದು ಒಂದೇ ವಿಷಯಕ್ಕೆ: ಮಿಸ್ರಿಗಳು ‘ಜ’ ಇರುವಲ್ಲೆಲ್ಲ ‘ಗ’ ಹೇಳುತ್ತಾರೆ. ಹುಡುಗನ ಹೆಸರು ಜಲಾಲ್, ಅವರ ಬಾಯಲ್ಲಿ ಗಲಾಲ್. ‘ಉಸ್ತಾದರ ಮುಂದೆ ಹೀಗೆ ಓದಿದ್ರೆ ಬೆತ್ತ ಬೀಳ್ತದೆ’ ಅಂತ ಒಬ್ಬ.

ಕಥೆ ಸಣ್ಣದು. ಹುಸೈನ್ ಒಬ್ಬ ಸಾಮಾನ್ಯ ನೌಕರ, ಹೆಂಡತಿ ಝೈನಬ್. ಮಕ್ಕಳು ಏಳು. ಸಂಬಳ ತಿಂಗಳ ಕೊನೆಗೆ ಮುಟ್ಟುವುದೇ ಕಷ್ಟ ಅನ್ನುವ ಮನೆ. ದೊಡ್ಡ ಮಗಳು ಅಹ್ಲಾಮ್. ಅವಳನ್ನು ಮೆಚ್ಚಿದ ಜಲಾಲ್ ಮನೆಗೆ ಕೇಳಿಕೊಂಡು ಬರುತ್ತಾನೆ. ಹುಡುಗ ಕೆಟ್ಟವನಲ್ಲ, ಹುಡುಗಿಗೆ ಇಷ್ಟ, ಮನೆಯವರಿಗೆ ಸಂತೋಷ. ತಕರಾರು ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ. ಸಂತೋಷದ ಬೆನ್ನಿಗೇ ಖರ್ಚು ಬರುತ್ತದೆ, ಅಷ್ಟೇ. ಒಂದು ಸಾಮಾನು, ಅದರ ಜೊತೆಗೆ ಇನ್ನೊಂದು. ಇದು ಮಾಡಿದ ಮೇಲೆ ಅದು ಬಿಟ್ಟರೆ ಚೆಂದವಾ ಅನ್ನುವ ಮಾತು. ಕೊನೆಗೆ ಹುಸೈನ್ ತನ್ನ ಸುಪರ್ದಿಯಲ್ಲಿದ್ದ ಕಚೇರಿಯ ಹಣಕ್ಕೆ ಕೈ ಹಾಕುತ್ತಾನೆ. ಮದುವೆ ಮನೆ ತುಂಬ ದೀಪ, ಹಾಡು, ನೆಂಟರು. ಅಪ್ಪನ ಎದೆಯಲ್ಲಿ ಮಾತ್ರ ಆ ಹಣದ ಪೆಟ್ಟಿಗೆ. ಕಡೆಗೆ ವಿಷಯ ತಿಳಿದ ಜೊತೆ ನೌಕರನೊಬ್ಬ ಕಡಿಮೆ ಬಿದ್ದ ಹಣವನ್ನು ತುಂಬಿ ಅವನ ಮಾನ ಉಳಿಸುತ್ತಾನೆ.

ಹುಸೈನ್ ಆಗಿ ನಟಿಸಿದ ಇಮಾದ್ ಹಮ್ದಿ ಒಂದು ಕಾಲಕ್ಕೆ ಮಿಸ್ರಿನ ಪ್ರೇಮ ಸಿನಿಮಾಗಳ ನಾಯಕ. ತಾಯಿಯ ಪಾತ್ರದ ತಹಿಯ್ಯಾ ಕಾರಿಯೋಕಾ ನರ್ತಕಿಯಾಗಿ ಹೆಸರು ಮಾಡಿದವರು. ಅವರಿಬ್ಬರೂ ಇಲ್ಲಿ ನಮ್ಮ ಯಾವುದೋ ಓಣಿಯ ಗಂಡಹೆಂಡಿರಂತೆ ಕಾಣುತ್ತಾರೆ. ಅಹ್ಲಾಮ್ ಆಗಿ ಸಮೀರಾ ಅಹ್ಮದ್, ಜಲಾಲ್ ಆಗಿ ಹಸನ್ ಯೂಸುಫ್.

ಈ ಸಿನಿಮಾದಲ್ಲಿ ಖಳನಾಯಕ ಇಲ್ಲ. ನೋಡಿ ಮುಗಿಸಿದ ಮೇಲೆ ನಮ್ಮ ತಲೆಯಲ್ಲಿ ಕೂತದ್ದು ಇದೇ. ವರದಕ್ಷಿಣೆಗಾಗಿ ಪೀಡಿಸುವ ಅತ್ತೆ ಇಲ್ಲ, ಕುಡುಕ ಗಂಡ ಇಲ್ಲ, ಮೋಸಗಾರ ದಲ್ಲಾಳಿ ಇಲ್ಲ. ಎಲ್ಲರೂ ಒಳ್ಳೆಯವರು. ಒಳ್ಳೆಯವರೇ ಸೇರಿ, ನಗುನಗುತ್ತಾ, ಒಬ್ಬ ಒಳ್ಳೆಯ ಮನುಷ್ಯನನ್ನು ಕಳ್ಳನನ್ನಾಗಿ ಮಾಡುತ್ತಾರೆ. ಅವರಿಗೆ ಅದು ಗೊತ್ತೂ ಆಗುವುದಿಲ್ಲ. ನಾವು ವರದಕ್ಷಿಣೆಯ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇವೆ, ಒಂದೆರಡು ಮಾಡಿಯೂ ಇದ್ದೇವೆ. ಅದರಲ್ಲೆಲ್ಲ ಒಬ್ಬ ಕೆಟ್ಟವ ಇರುತ್ತಾನೆ. ಅವನು ಯಾವತ್ತೂ ಬೇರೆ ಮನೆಯವನು. ಕೇಳುವವರೆಲ್ಲ ತಲೆದೂಗಿ, ಬಿರಿಯಾನಿ ತಿಂದು, ಮನೆಗೆ ಹೋಗಿ ತಮ್ಮ ಮಗಳ ಪಟ್ಟಿ ಬರೆಯುತ್ತಾರೆ.

ಹೆಸರು ಮಾತ್ರ ಯಾಕೆ ‘ಮದುಮಗಳ ತಾಯಿ’? ಕದ್ದವ ತಂದೆಯಲ್ಲವಾ? ಅತ್ತಿಗೆ ಕೇಳಿದ ಪ್ರಶ್ನೆ ಇದು. ಮಿಸ್ರಿನಲ್ಲಿ ಒಂದು ಗಾದೆ ಇದೆಯಂತೆ: ಕೈಯಲ್ಲಿ ಕೆಲಸವಿಲ್ಲ, ಆದರೆ ಪುರುಸೊತ್ತೂ ಇಲ್ಲ ಅನ್ನುವಂಥವರನ್ನು ‘ಮದುಮಗಳ ಉಮ್ಮನ ಹಾಗೆ’ ಅನ್ನುತ್ತಾರೆ. ಕಾಕ ಅದನ್ನು ಹೇಳಿದ್ದೇ ತಡ, ಅಣ್ಣ ಆ ರಾತ್ರಿ ಮೊದಲ ಸಲ ನಕ್ಕರು. ಅತ್ತಿಗೆ ನಗಲಿಲ್ಲ.

ಇನ್ನು ನಮ್ಮ ಮನೆಯ ಒಂದು ಮಾತು. ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದೆವು. ಅಕ್ಕನನ್ನು ಕೇಳಿ, ಅವರು ‘ಬರಿ’ ಅಂದ ಮೇಲೆಯೇ ಬರೆಯುತ್ತಿದ್ದೇವೆ.

ಅಕ್ಕನ ಮದುವೆ 1989ರಲ್ಲಿ. ಮಾತಾದದ್ದು 25 ಪವನ್. ಉಪ್ಪ ವರ್ಷಗಟ್ಟಲೆ ಕೂಡಿಟ್ಟು ಮಾಡಿಸಿದ್ದು 18. ಆ ವರ್ಷ ಉದ್ರಿ ಸರಿಯಾಗಿ ವಸೂಲಾಗಲಿಲ್ಲ. ನಿಕಾಹಿಗೆ ಎರಡು ವಾರ ಉಳಿದಾಗ ಏಳು ಪವನ್ ಕಡಿಮೆ. ಆ ಕಾಲಕ್ಕೆ ಉಪ್ಪ ಪೇಟೆಯ ಅಂಗಡಿಯವರ ಒಂದು ಕುರಿ ನಡೆಸುತ್ತಿದ್ದರು. ನಲವತ್ತು ಮಂದಿ, ತಿಂಗಳಿಗೆ ತಲಾ 500 ರೂಪಾಯಿ. ಲಿಂಗಾಯಿತರು, ಗೌಡರು, ಶೆಟ್ಟರು, ನಮ್ಮವರು ನಾಲ್ಕೈದು ಮಂದಿ. ಒಣಮೀನು ಮಾರುವ ಬ್ಯಾರಿಯ ಕೈಯಲ್ಲಿ ಅಷ್ಟು ಮಂದಿ ದುಡ್ಡು ಕೊಟ್ಟು ಚೀಟಿ ಕೂಡ ಕೇಳುತ್ತಿರಲಿಲ್ಲ ಅನ್ನುವುದು ಉಪ್ಪಾರಿಗೆ ಬದುಕಿನ ದೊಡ್ಡ ಮರ್ಯಾದೆ. ಆ ತಿಂಗಳ ಕುರಿ ಹಣ ಪೆಟ್ಟಿಗೆಯಲ್ಲಿತ್ತು. ಉಪ್ಪ ಅದರಿಂದ 18,000 ರೂಪಾಯಿ ತೆಗೆದರು. ಏಳು ಪವನ್ ಬಂತು. ಮದುವೆ ಆಯಿತು. ಬಸ್ಸು ಮಾಡಿಕೊಂಡು ಘಟ್ಟ ಇಳಿದು ಹೋಗಿ ಅಕ್ಕನನ್ನು ಕೊಟ್ಟು ಬಂದೆವು.

ಕುರಿ ಎತ್ತುವ ದಿನ ಮದುವೆಯಾದ ಮುಂದಿನ ಭಾನುವಾರ. ಶನಿವಾರ ರಾತ್ರಿ ಉಪ್ಪ ಕುರಿಯಲ್ಲೇ ಇದ್ದ ದಿನಸಿ ಅಂಗಡಿಯ ಒಬ್ಬ ಶೆಟ್ಟರ ಮನೆಗೆ ಹೋಗಿ ಎಲ್ಲ ಹೇಳಿದರು. ಅವರು ಒಳಗೆ ಹೋಗಿ ದುಡ್ಡು ತಂದು ಎಣಿಸಿ ಕೊಟ್ಟರಂತೆ. ಬೇರೆ ಯಾರಿಗೂ ಹೇಳಲಿಲ್ಲ, ಬರೆದೂ ಇಡಲಿಲ್ಲ. ‘ತಿಂಗಳು ತಿಂಗಳು ಕೊಡಿ ಬ್ಯಾರಿಗಳೇ’ ಅಂದರಂತೆ, ಅಷ್ಟೇ.

ತಿಂಗಳಿಗೆ 375 ರೂಪಾಯಿ. ನಲವತ್ತೆಂಟು ತಿಂಗಳು. ಲಕೋಟೆ ತೆಗೆದುಕೊಂಡು ಹೋಗಿ ಕೊಡುತ್ತಿದ್ದದ್ದು ಹತ್ತನೇ ಕ್ಲಾಸಿನಲ್ಲಿದ್ದ ನಾವು. ಅದು ಅಕ್ಕಿಯ ಬಾಕಿ ಅಂತಲೇ ನಾವು ತಿಳಿದಿದ್ದು. ಎರಡು ಸಲ ದುಡ್ಡು ಹೊಂದದೆ ಉಮ್ಮ ತನ್ನ ಅಲಿಕತ್ತಿನ ಒಂದೊಂದು ಜೊತೆ ಬಿಚ್ಚಿ ಕೊಟ್ಟದ್ದು ನೋಡಿದ್ದೇವೆ. ಯಾಕೆ ಅಂತ ಕೇಳಲಿಲ್ಲ. ಉಪ್ಪ ತೀರಿಹೋದ ಎಷ್ಟೋ ವರ್ಷದ ಮೇಲೆ ಉಮ್ಮ ನಮಗೂ ಅಣ್ಣನಿಗೂ ಇದನ್ನು ಹೇಳಿದರು. ಅಕ್ಕನಿಗೆ ಹೇಳಬೇಡಿ ಅಂತಲೂ ಹೇಳಿದ್ದರು.

ಸಿನಿಮಾದಲ್ಲಿ ಆ ಹಣದ ದೃಶ್ಯ ಬಂದಾಗ ಅಣ್ಣ ನಮ್ಮ ಮುಖ ನೋಡಲಿಲ್ಲ, ನಾವೂ ಅವರ ಮುಖ ನೋಡಲಿಲ್ಲ. ಕಾಕ ಅರ್ಥ ಹೇಳುವುದನ್ನು ನಿಲ್ಲಿಸಿದ್ದರು. ಅವರಿಗೂ ಗೊತ್ತಿತ್ತು, ಉಪ್ಪಾರ ತಮ್ಮ ಅಲ್ಲವಾ. ಬೇರೆ ಎಷ್ಟೋ ಸಿನಿಮಾ ಇರುವಾಗ ಇದನ್ನೇ ಯಾಕೆ ಹಾಕಿದರು ಅಂತ ಆಗ ಅರ್ಥವಾಯಿತು. ಮೌನ ಸ್ವಲ್ಪ ಹೆಚ್ಚೇ ಆಯಿತೋ ಏನೋ, ಅಕ್ಕ ‘ಏನಾಯ್ತು ನಿಮಗೆಲ್ಲ?’ ಅಂದರು. ಸಿನಿಮಾ ಮುಗಿದ ಮೇಲೆ ಅಣ್ಣನೇ ಹೇಳಿದರು. ಮೂವತ್ತಕ್ಕೂ ಹೆಚ್ಚು ವರ್ಷ ಮುಚ್ಚಿಟ್ಟದ್ದನ್ನು ಹೇಳಲಿಕ್ಕೆ ಐದು ನಿಮಿಷ ಸಾಕಾಯಿತು.

ಅಕ್ಕ ಅಳಲಿಲ್ಲ. ತುಂಬ ಹೊತ್ತು ತನ್ನ ಕೈ ನೋಡಿಕೊಂಡು ಕೂತರು. ಆಮೇಲೆ ಕೇಳಿದ್ದು, ‘ಏಳು ಪವನ್ ಅಂದ್ರೆ ಯಾವುದು? ಆ ಕೊನೆಗೆ ಬಂದ ಎರಡು ದಪ್ಪ ಬಳೆ, ಆ ಉದ್ದದ ಮಾಲೆ?’ ಹೌದು ಅಂದರು ಅಣ್ಣ. ‘ಆ ಬಳೆ ಮೊದಲ ವರ್ಷವೇ ಮಾರಿದ್ದು, ಅವರ ಅಂಗಡಿಗೆ ಅಡ್ವಾನ್ಸು ಕೊಡಲಿಕ್ಕೆ. ನಾನು ಹಾಕಿದ್ದು ಮೂರೋ ನಾಲ್ಕೋ ಮದುವೆಗೆ. ಒಂದು ಮಾತು ಹೇಳಿದ್ದಿದ್ರೆ ನನಗೆ ಬೇಡ ಅಂತಿದ್ದೆ.’

ಹೇಳಿದ್ದಿದ್ದರೆ. ಉಪ್ಪಾರ ಕಾಲದಲ್ಲಿ ಮಗಳಿಗೆ ಹೇಳುವ ಮಾತೇ ಅದು ಆಗಿರಲಿಲ್ಲ. ಈಗಲೂ ಎಷ್ಟು ಮನೆಗಳಲ್ಲಿ ಆಗಿದೆ?

ಮಿಸ್ರಿನ ಪದ್ಧತಿ ನಮ್ಮದಕ್ಕಿಂತ ಬೇರೆ. ಅಲ್ಲಿ ಮಹರ್ ಹುಡುಗನದ್ದು. ಸ್ವಲ್ಪ ಭಾಗ ಮದುವೆಯ ಹೊತ್ತಿಗೆ, ಉಳಿದದ್ದು ತಲಾಖ್ ಅಥವಾ ಮರಣದ ಸಂದರ್ಭಕ್ಕೆ ಬಾಕಿ ಇಡುವುದು. ‘ಶಬ್ಕಾ’ ಅಂತ ಚಿನ್ನ, ಅದೂ ಹುಡುಗನದ್ದೇ. ಮನೆ ನೋಡುವುದೂ ಅವನ ಜವಾಬ್ದಾರಿ. ಹೆಣ್ಣಿನ ಕಡೆಯವರದ್ದು ‘ಗಿಹಾಝ್’. ನಾವು ಜಿಹಾಝ್ ಅನ್ನುತ್ತೇವಲ್ಲ, ಅದೇ ಪದ. ಪೀಠೋಪಕರಣ, ಅಡುಗೆ ಸಾಮಾನು, ಹಾಸಿಗೆ ಹೊದಿಕೆ. ಕೇಳಲಿಕ್ಕೆ ನ್ಯಾಯವಾದ ಪಾಲು. ಚಿನ್ನ ಹುಡುಗನ ಕಡೆಯಿಂದಲೇ ಬರುವ ಆ ನಾಡಿನಲ್ಲೂ ಹುಸೈನನಂಥ ಅಪ್ಪ ಸೋಲುತ್ತಾನೆ. ಸೋಲಿಸುವುದು ಪದ್ಧತಿಯ ಹೆಸರಲ್ಲ, ಪಟ್ಟಿಗೆ ಕೊನೆ ಇಲ್ಲದಿರುವುದು.

ಆದರೆ ಅಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ನಾವು ಕಲಿಯಬೇಕಿತ್ತು. ‘ಕಾಯ್ಮಾ’ ಅಂತ ಒಂದು ಕಾಗದ. ಹೆಣ್ಣಿನ ಜೊತೆ ಬಂದ ಸಾಮಾನುಗಳ ಪಟ್ಟಿ ಬರೆದು ಬೆಲೆ ನಮೂದಿಸಿ ಹುಡುಗ ಸಹಿ ಹಾಕುತ್ತಾನೆ. ಅವು ಅವಳ ಸೊತ್ತು, ಕೇಳಿದಾಗ ಒಪ್ಪಿಸಬೇಕು ಅಂತ ಅದರ ಅರ್ಥ. ಆ ಕಾಗದವೂ ಜಗಳಕ್ಕೆ ಕಾರಣವಾಗುತ್ತದೆ, ಅಲ್ಲಿನವರೇ ಅದರ ಬಗ್ಗೆ ಗೊಣಗುತ್ತಾರೆ. ಆದರೂ ಕಾಗದ ಕಾಗದವೇ. ನಮ್ಮಲ್ಲಿ ಎಷ್ಟು ಪವನ್ ಅಂತ ಇಡೀ ಊರಿಗೆ ಗೊತ್ತಿರುತ್ತದೆ, ಕಾಗದದಲ್ಲಿ ಮಾತ್ರ ಎಲ್ಲೂ ಇರುವುದಿಲ್ಲ. ಅಕ್ಕನ ಬಳೆ ಅಂಗಡಿಯ ಅಡ್ವಾನ್ಸಿಗೆ ಹೋಯಿತಲ್ಲ, ಆ ಅಂಗಡಿ ಯಾರ ಹೆಸರಲ್ಲಿದೆ? ಅಕ್ಕನ ಹೆಸರಲ್ಲಂತೂ ಅಲ್ಲ. ಭಾವ ಒಳ್ಳೆಯವರು, ಅದು ಬೇರೆ ಮಾತು.

ನಮ್ಮ ದೇಶದ ಕಾನೂನು ಈ ಸಿನಿಮಾಕ್ಕಿಂತ ಎರಡು ವರ್ಷ ಹಳೆಯದು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದರ ಎರಡನೇ ಸೆಕ್ಷನ್ ಮಹರನ್ನು ವರದಕ್ಷಿಣೆಯ ಲೆಕ್ಕದಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಪಡೆಯುವವ ಮಾತ್ರವಲ್ಲ, ಕೊಡುವವನೂ ತಪ್ಪಿತಸ್ಥ. ಶಿಕ್ಷೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು, ಜೊತೆಗೆ ದಂಡ. ವರದಕ್ಷಿಣೆಯಾಗಿ ಬಂದದ್ದು ಬೇರೆ ಯಾರ ಕೈಗೆ ಹೋಗಿದ್ದರೂ ಮದುವೆಯಾದ ಮೂರು ತಿಂಗಳ ಒಳಗೆ ಹೆಣ್ಣಿನ ಕೈಗೆ ಒಪ್ಪಿಸಬೇಕು. ಯಾರೂ ಕೇಳದೆ ಕೊಟ್ಟ ಉಡುಗೊರೆಗಳನ್ನೂ ಪಟ್ಟಿ ಮಾಡಿ ಇಡಬೇಕು ಅಂತ 1985ರಲ್ಲಿ ನಿಯಮ ಬಂದಿದೆ. ಅಂದರೆ ಮಿಸ್ರಿನ ಕಾಯ್ಮಾದಂಥದ್ದೇ ನಮ್ಮಲ್ಲೂ ಇದೆ. ಯಾವ ನಿಕಾಹಿನಲ್ಲಿ ಅದನ್ನು ಬರೆದದ್ದು ನೋಡಿದ್ದೀರಿ? ನಾವು ನೋಡಿಲ್ಲ. ಮಹರನ್ನು ಗಟ್ಟಿಯಾಗಿ ಕೂಗಿ ಹೇಳುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಎರಡು ಪವನ್, ಮೂರು ಪವನ್. ಆಚೆ ಕಡೆಯಿಂದ ಬಂದ ಐವತ್ತರ ಬಗ್ಗೆ ಎಲ್ಲರೂ ಮೌನ.

ನಮ್ಮವರ ಬದುಕಿನ ಸಿನಿಮಾ ಅಂದರೆ ಏನೇನು ಬಂದಿದೆ ಅಂತ ಆ ರಾತ್ರಿ ಮಾತಾಯಿತು. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ 2004ರದ್ದು, ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯದ್ದು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2011ರಲ್ಲಿ ನಮ್ಮದೇ ಭಾಷೆಯ ಮೊದಲ ಸಿನಿಮಾ ‘ಬ್ಯಾರಿ’ ಬಂದು, ಮರಾಠಿಯ ‘ದೇವೂಳ್’ ಜೊತೆ ದೇಶದ ಅತ್ಯುತ್ತಮ ಚಿತ್ರ ಅನಿಸಿಕೊಂಡಿತು. ಎರಡೂ ತಲಾಖಿನ ಸುತ್ತ. ಅವು ಬೇಕಿತ್ತು, ಬೇಡ ಅನ್ನುವುದಿಲ್ಲ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಬರೆಯದೆ ಹೋಗಿದ್ದರೆ ಎಷ್ಟೋ ಮಾತು ನಮ್ಮ ಮನೆಯ ಗೋಡೆ ದಾಟುತ್ತಲೇ ಇರಲಿಲ್ಲ. ಆದರೆ ತಲಾಖ್ ಕೆಲವು ಮನೆಗಳಲ್ಲಿ ಆಗುತ್ತದೆ. ಪಟ್ಟಿ ಬರೆಯುವುದು ಹೆಣ್ಣುಮಗು ಇರುವ ಪ್ರತಿ ಮನೆಯಲ್ಲೂ ಆಗುತ್ತದೆ. ರಾತ್ರಿ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಪವನ್ ಲೆಕ್ಕ ಹಾಕುವ ಉಪ್ಪನನ್ನು ಇನ್ನೂ ಯಾರೂ ಸಿನಿಮಾ ಮಾಡಿಲ್ಲ. ಮಾಡಿದರೂ ಅದರಲ್ಲಿ ನಗು ಇರಬೇಕು, ಇಲ್ಲದಿದ್ದರೆ ನಮ್ಮವರು ಟಿವಿ ಬಂದ್ ಮಾಡುತ್ತಾರೆ. ಆತಿಫ್ ಸಾಲಿಂ ಅವರಿಗೆ ಅದು ಗೊತ್ತಿತ್ತು.

ಸಿನಿಮಾದ ಬಗ್ಗೆ ನಮ್ಮದೊಂದು ತಕರಾರೂ ಇದೆ. ಜೊತೆ ನೌಕರ ಬಂದು ಹಣ ತುಂಬಿದ, ಕಥೆ ಸುಖವಾಯಿತು. ಆ ಸಾಲ ತೀರುವ ನಲವತ್ತೆಂಟು ತಿಂಗಳು ಎಲ್ಲಿ? ನಿಜವಾದ ಕಥೆ ಇರುವುದು ಅಲ್ಲಿ. ಅಲಿಕತ್ತು ಒಂದೊಂದೇ ಕಡಿಮೆಯಾಗುವ ಕಿವಿ, ಲಕೋಟೆ ಹಿಡಿದು ಓಡುವ ಹುಡುಗ, ಭಾನುವಾರ ಕುರಿ ಎತ್ತುವಾಗ ಮೊದಲಿನಷ್ಟು ಗಟ್ಟಿಯಾಗಿ ಹೆಸರು ಕೂಗದ ಉಪ್ಪ. ಸಿನಿಮಾಕ್ಕೆ ಎರಡು ಗಂಟೆ ಸಾಕು, ಸಾಲಕ್ಕೆ ಸಾಲದು.

ಆದರೆ ಕಥೆಯನ್ನು ಅವರು ಅಲ್ಲಿಗೇ ಬಿಡಲಿಲ್ಲ. 1974ರಲ್ಲಿ ಅದೇ ನಿರ್ದೇಶಕರು ‘ಅಲ್ ಹಫೀದ್’, ಅಂದರೆ ಮೊಮ್ಮಗ, ಅಂತ ಮುಂದಿನ ಭಾಗ ತೆಗೆದರು. ಈ ಸಲ ಹುಸೈನ್ ಆಗಿ ಅಬ್ದುಲ್ ಮುನ್ಇಮ್ ಮದ್ಬೂಲಿ, ಝೈನಬ್ ಆಗಿ ಕರೀಮಾ ಮುಖ್ತಾರ್. ಅಹ್ಲಾಮ್‌ಗೆ ಮಗು, ಏಳನೇ ದಿನದ ‘ಸುಬೂಅ್’, ಎರಡನೇ ಮಗಳು ನಬೀಲಾಳ ಸರದಿ, ಮತ್ತೆ ಖರ್ಚು. ಆ ಸುಬೂಅಿನ ಹಾಡು ಇವತ್ತಿಗೂ ಮಿಸ್ರಿನ ಮನೆಗಳಲ್ಲಿ ಮಗುವಿನ ಏಳನೇ ದಿನ ಕೇಳಿಸುತ್ತದೆ. ನಮ್ಮ ಅತ್ತಿಗೆಗೆ ಇದನ್ನು ಹೇಳಿದಾಗ ಅವರು, ‘ಏಳನೇ ತಿಂಗಳಿಗೆ ಕರ್ಕೊಂಡು ಬರುವುದು, ಹೆರಿಗೆ, ತೊಟ್ಟಿಲು, ನಲವತ್ತು, ಅದನ್ನು ಈ ಪಟ್ಟಿಗೆ ಸೇರಿಸಲೇ ಇಲ್ಲ’ ಅಂದರು. ತಮಾಷೆಗೆ ಹೇಳಿದ್ದೋ ನಿಜಕ್ಕೋ ತಿಳಿಯಲಿಲ್ಲ.

ಕಾಕನಿಗೆ ಇಷ್ಟವಾದ ಇನ್ನೊಂದು ಸಿನಿಮಾ 1972ರ ‘ಇಂಬ್ರಾತೂರಿಯ್ಯತ್ ಮೀಮ್’. ಹುಸೈನ್ ಕಮಾಲ್ ನಿರ್ದೇಶನ, ತಾಯಿಯಾಗಿ ಫಾತೆನ್ ಹಮಾಮಾ. ಗಂಡ ತೀರಿಹೋದ, ಕೆಲಸಕ್ಕೆ ಹೋಗುವ ತಾಯಿ, ಆರು ಮಕ್ಕಳು. ಎಲ್ಲರ ಹೆಸರೂ ಮೀಮ್ ಅಕ್ಷರದಿಂದಲೇ ಶುರು. ತಾಯಿಯ ಕಟ್ಟುಪಾಡು ಒಪ್ಪದ ಮಕ್ಕಳು ಮನೆಯಲ್ಲಿ ಯಾರ ಮಾತು ನಡೆಯಬೇಕು ಅಂತ ಚುನಾವಣೆಯನ್ನೇ ಇಡುತ್ತಾರೆ. ಕೊನೆಗೆ ಗೆಲ್ಲುವುದು ತಾಯಿಯೇ. ಆದರೆ ಆದೇಶ ಕೊಟ್ಟು ಗೆದ್ದ ತಾಯಿ ಅಲ್ಲ, ಮಕ್ಕಳು ಆರಿಸಿದ ತಾಯಿ. ಅದನ್ನು ಇನ್ನೊಂದು ದಿನ ನೋಡುವ ಅಂತ ಬಿಟ್ಟೆವು. ಮನೆಯಲ್ಲಿ ಅಷ್ಟರಲ್ಲಿ ಬೇರೆಯೇ ಚುನಾವಣೆ ಶುರುವಾಗಿತ್ತು.

ಮದುಮಗಳು ಅಷ್ಟು ಹೊತ್ತೂ ಒಳಗಿನ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದವಳು, ಈಗ ಹುಣಸೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ. ‘ಅಹ್ಲಾಮ್‌ಗೆ ಗೊತ್ತಾದ್ರೆ ಆ ಮಂಚದಲ್ಲಿ ನಿದ್ದೆ ಬರ್ತಿತ್ತಾ?’ ಅಂದಳು. ಯಾರೂ ಉತ್ತರ ಕೊಡಲಿಲ್ಲ. ಅತ್ತಿಗೆಯ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಪ್ರತಿ ಸಾಲಿನ ಮುಂದೆ ಎರಡು ಕಾಲಮ್ ಎಳೆದಳು. ಒಂದರಲ್ಲಿ ‘ಕೈಯಲ್ಲಿ ಇದೆ’, ಇನ್ನೊಂದರಲ್ಲಿ ‘ಸಾಲ’. ಅಣ್ಣನನ್ನು ಒಂದೊಂದಾಗಿ ಕೇಳುತ್ತಾ ಹೋದಳು. ಪವನ್ ಹತ್ತಿರ ಬಂದಾಗ ಅಣ್ಣ ಸುಮ್ಮನಾದರು. ‘ಹೇಳಿ ಉಪ್ಪ’ ಅಂದಳು. ಹದಿನಾರು ಇದೆ ಅಂದರು. ಉಳಿದ ಮೂವತ್ತನಾಲ್ಕು ‘ಸಾಲ’ದ ಕಾಲಮ್ಮಿಗೆ ಹೋಯಿತು. ಅದನ್ನು ಹಾಗೆ ಬರೆದು ನೋಡಿದ್ದು ಆ ಮನೆಯಲ್ಲಿ ಅದೇ ಮೊದಲು.

ಡ್ರೋನ್ ಅವಳೇ ಹೊಡೆದು ಹಾಕಿದಳು. ಮೈಲಾಂಜಿಯ ಸ್ಟೇಜು ಹೋಯಿತು, ಬದಲಿಗೆ ಮನೆಯ ಅಂಗಳದಲ್ಲಿ ಚಪ್ಪರ, ಹಾಡಲಿಕ್ಕೆ ಬಂಟ್ವಾಳದ ಸೋದರತ್ತೆಯಂದಿರು. ಫ್ರಿಜ್ಜಿನ ಬಗ್ಗೆ ಜಗಳವಾಗಿ, ಕಡೆಗೆ ಉಳಿಯಿತು. ಊಟ ಕಡಿಮೆ ಮಾಡಲು ಅತ್ತಿಗೆ ಖಂಡಿತ ಒಪ್ಪಲಿಲ್ಲ. ‘ಇಲ್ಲಿ ನಲವತ್ತು ವರ್ಷ ನಮ್ಮ ಅಂಗಡಿಗೆ ಬಂದವರಿಗೆ ಒಂದು ಹೊತ್ತು ಉಣ್ಣಲಿಕ್ಕೆ ಕೊಡದಿದ್ದರೆ ಹೇಗೆ?’ ಅಂದರು. ಅದರಲ್ಲಿ ನ್ಯಾಯ ಇತ್ತು. ದಿನಸಿ ಅಂಗಡಿಯ ಶೆಟ್ಟರು ಈಗಿಲ್ಲ. ಅವರ ಮಗನ ಹೆಸರು ಕರೆಯುವವರ ಪಟ್ಟಿಯಲ್ಲಿ ಮೊದಲು ಬರೆದದ್ದು ಅಕ್ಕ.

ಪವನ್ ಮಾತ್ರ ಹಾಗೇ ಇದೆ. ಹದಿನಾರರಲ್ಲಿ ನಿಲ್ಲಿಸುವುದಾ, ಇಪ್ಪತ್ತೈದಕ್ಕೆ ಏರಿಸುವುದಾ ಅಂತ ತೀರ್ಮಾನವಾಗಿಲ್ಲ. ಗಂಡಿನ ಮನೆಯವರಿಗೆ ಈ ಮಾತು ಹೇಳುವವರು ಯಾರು ಅನ್ನುವುದೂ ಆಗಿಲ್ಲ. ಅಣ್ಣನಿಗೆ ಧೈರ್ಯವಿಲ್ಲ. ಕಾಕ ಹೋಗುತ್ತೇನೆ ಅಂದರೆ, ಅವರಿಗೆ ಸಿಟ್ಟು ಬೇಗ ಬರುತ್ತದೆ ಅಂತ ಅತ್ತಿಗೆಗೆ ಹೆದರಿಕೆ. ಹುಡುಗಿ ತಾನೇ ಹುಡುಗನಿಗೆ ಫೋನು ಮಾಡಿ ಹೇಳುತ್ತೇನೆ ಅನ್ನುತ್ತಾಳೆ. ಕೊಟ್ಟದ್ದನ್ನೆಲ್ಲ ಬರೆದು ಇಬ್ಬರೂ ಸಹಿ ಹಾಕಬೇಕು, ಮಹರು ತನ್ನ ಹೆಸರಿನ ಖಾತೆಗೆ ಬರಬೇಕು ಅನ್ನುವುದು ಅವಳ ಇನ್ನೊಂದು ಷರತ್ತು. ಮುಂದಿನ ಶುಕ್ರವಾರ ಜುಮಾ ಆದ ಮೇಲೆ ಅವರು ಗುರುಪುರಕ್ಕೆ ಬರುತ್ತಾರೆ. ಊಟ ನಮ್ಮ ಮನೆಯಲ್ಲೇ. 

ಹೊರಡುವ ದಿನ ಅಕ್ಕ ಬ್ಯಾಗಿಗೆ ಹಾಕಿಕೊಂಡದ್ದು ಉಪ್ಪಾರ ಹಳೆಯ ಕುರಿ ಪುಸ್ತಕ. ಅಟ್ಟದಲ್ಲಿ ಗೆದ್ದಲು ಹತ್ತಿ ಅರ್ಧ ಹೋಗಿತ್ತು. ‘ಏನು ಮಾಡ್ತೀರಿ ಇದನ್ನ?’ ಅಂತ ಕೇಳಿದೆವು. ‘ಮೊಮ್ಮಕ್ಕಳಿಗೆ ತೋರಿಸ್ತೇನೆ’ ಅಂದರು. ಹುಣಸೂರು ಬಸ್‌ಸ್ಟ್ಯಾಂಡಿನವರೆಗೂ ಅವರು ಬೇರೆ ಏನೂ ಮಾತಾಡಲಿಲ್ಲ.